ಎಡಗೈ ಪಿಸ್ತೂಲಿನಲ್ಲಿ ಉಳಿದ ಗಾಳಿ

ನನ್ನ ಹೆಂಡತಿ ಸಂಗಮ್ಮ ಕಾರ್ತಿಕ ಮಾಸದ ಎರಡನೆಯ ಸೋಮವಾರ ಬೆಳಗಿನ ಜಾವ ಲಿಂಗೈಕ್ಯಳಾದಳು. ಅದರ ಹಿಂದಿನ ದಿನ ಅವಳ ಪಿಸ್ತೂಲಿಗೆ ತುಂಬಿದ ಗಾಳಿ ಹಾಗೆಯೇ ಉಳಿಯಿತು. ಆ ಗಾಳಿಯನ್ನು ನಾನು ಫಾಲ್ಗುಣದವರೆಗೆ, ಅಂದರೆ ನಾಲ್ಕು ತಿಂಗಳು, ಮಸ್ಕಿಯ ನಮ್ಮ ಮನೆಯಲ್ಲಿ ದೇವರ ಜಗುಲಿಯ ಮೇಲೆ ಇಟ್ಟು ಕಾಯ್ದೆ.

ಕೇಳಿದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದ್ದರಿಂದ ಮೊದಲು ಪಿಸ್ತೂಲಿನ ಸಂಗತಿ ಹೇಳಬೇಕು.

ಅದು ಮದ್ದು ತುಂಬುವ ಪಿಸ್ತೂಲಲ್ಲ, ಗಾಳಿಯ ಪಿಸ್ತೂಲು. ಹತ್ತು ಮೀಟರು ದೂರದ ಕಾಗದಕ್ಕೆ ಹೊಡೆಯಲೆಂದೇ ಮಾಡಿದ್ದು. ಅದರಿಂದ ಬೇರೆ ಯಾವ ಕೆಲಸವೂ ಆಗುವುದಿಲ್ಲ. ನಳಿಕೆಯ ಕೆಳಗೆ ಗೇಣುದ್ದದ ಒಂದು ಲಿವರ್ ಇದೆ. ಅದನ್ನು ಮುಂದಕ್ಕೆ ಎಳೆದರೆ ಪಿಸ್ತೂಲು ಅಡಕೊತ್ತಿನ ಹಾಗೆ ಬಾಯಿ ಬಿಡುತ್ತದೆ. ಮತ್ತೆ ಹಿಂದಕ್ಕೆ ಒತ್ತಿ ಮುಚ್ಚಿದರೆ ಒಳಗೆ ಬಂದ ಗಾಳಿ ಒಂದು ಸಣ್ಣ ಕೋಣೆಯಲ್ಲಿ ಇಡುಕಿರಿದು ಕೂಡುತ್ತದೆ. ಆಮೇಲೆ ಮೇಲಿನ ಮುಚ್ಚಳ ಎತ್ತಿ ಕೊತ್ತಂಬರಿ ಕಾಳಿನಷ್ಟು ದೊಡ್ಡ ಸೀಸದ ಗುಂಡನ್ನು ಇಟ್ಟು, ಮುಚ್ಚಳ ಹಾಕಿ, ಟ್ರಿಗರ್ ಎಳೆಯಬೇಕು. ಒಂದು ಸಲ ಒತ್ತಿದ ಗಾಳಿ ಒಂದೇ ಗುಂಡಿಗೆ. ಮುಂದಿನ ಗುಂಡಿಗೆ ಮತ್ತೆ ಲಿವರ್ ಎಳೆದು ಒತ್ತಬೇಕು. ಈ ನಿಧಾನವೇ ಸಂಗಮ್ಮನಿಗೆ ಹಿಡಿಸಿತ್ತು. ‘ಒಂದು ಹೊಡದು ಮನಸ್ಸು ತೊಳಕೊಂಡು ಇನ್ನೊಂದು ಹೊಡಿಯೂದು’ ಎನ್ನುತ್ತಿದ್ದಳು.

ಅವಳು ಇದಕ್ಕೆ ಹತ್ತಿದ್ದು ತನ್ನ ಅರವತ್ಮೂರನೆಯ ವಯಸ್ಸಿನಲ್ಲಿ. ಲಿಂಗಸುಗೂರಿನಲ್ಲಿ ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. ತಿಂಗಳ ಮೇಲೆ ಡಾಕ್ಟರಿಗೆ ತೋರಿಸಿ ಹೊರಗೆ ಬಂದಾಗ, ಎದುರಿನ ಹಳೆಯ ಶೇಂಗಾ ಗೋದಾಮಿನ ಗೋಡೆಯ ಮೇಲೆ ಪಿಸ್ತೂಲು ಹಿಡಿದ ಕೈಯ ಚಿತ್ರವಿತ್ತು.

“ಡಾಕ್ಟರ ಕೆಲಸ ಬರೋಬ್ಬರಿ ಆಗೇತೊ ಇಲ್ಲೊ ಅಲ್ಲಿ ನೋಡಿಬಿಡೂನು, ನಡೀರಿ,” ಎಂದಳು.

“ಅಕ್ಷರ ಓದಿಸಿ ನೋಡ್ಯಾರಲ್ಲ,” ಎಂದೆ.

“ಅಕ್ಷರ ಓದಿದ್ರ ಏನ್ ತಿಳಿತೈತಿ? ಮುಂದಿಂದು ಅಂದಾಜಿಲೆ ಹೇಳಬೋದು. ಗುರಿ ಅಂದಾಜಿಲೆ ಬೀಳೂದಿಲ್ಲ.”

ಗೋದಾಮಿನಲ್ಲಿ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದವರು ಶಾವಲಿ ಸಾಹೇಬರು. ಪೊಲೀಸ್ ಇಲಾಖೆಯಲ್ಲಿ ಬಂದೂಕುಗಳನ್ನು ಬಿಚ್ಚಿ, ಒರೆಸಿ, ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರು ಸಂಗಮ್ಮನ ಬಲಗೈಗೆ ಪಿಸ್ತೂಲು ಕೊಟ್ಟರು. ಕೈ ನಡುಗಿತು. ಅವಳು ಕೇಳದೆ ಎಡಗೈಗೆ ಬದಲಾಯಿಸಿಕೊಂಡಳು. ಕೈ ಗೂಟ ಹೊಡೆದಂತೆ ನಿಂತಿತು.

“ಅಮ್ಮಾರ, ಮೊದಲು ಎಲ್ಲೆರ ಹೊಡದೀರೇನ್ರಿ?” ಎಂದು ಶಾವಲಿಯವರು ಕೇಳಿದರು.

“ಇಲ್ಲರಿ. ಐವತ್ತು ವರ್ಷ ಲಿಂಗ ಹಿಡದೀನಿ.”

ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುತ್ತ ಕೂಡಬೇಕು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಸಂಗಮ್ಮ ಹದಿಮೂರನೆಯ ವಯಸ್ಸಿನಿಂದ ತಪ್ಪಿಸಿದವಳಲ್ಲ. ಇದನ್ನು ಕೇಳಿ ಶಾವಲಿಯವರು, “ನಮ್ಮ ಹುಡುಗರಿಗೆ ಎರಡು ನಿಮಿಷ ಕೈ ಎತ್ತಿ ನಿಲ್ಲಂದ್ರ ಫೋನ್ ಬಂತು ಅಂತಾರ,” ಎಂದರು.

ಅಂದು ಅವಳು ಹೊಡೆದ ಹತ್ತರಲ್ಲಿ ಎಂಟು ಕಾಗದಕ್ಕೆ ಬಿದ್ದವು. ಡಾಕ್ಟರ ಕೆಲಸ ಚೆನ್ನಾಗಿದೆ ಎಂದು ಒಪ್ಪಿಕೊಂಡಳು. ಮುಂದಿನ ಭಾನುವಾರ ಮತ್ತೆ ಹೋದಳು. ಆರು ತಿಂಗಳಲ್ಲಿ ತನ್ನದೇ ಒಂದು ಪಿಸ್ತೂಲು ಬೇಕು ಎಂದಳು. ನಮ್ಮದು ಬಟ್ಟೆ ಅಂಗಡಿ. ಮಗ ಪಂಪಾಪತಿ ನೋಡಿಕೊಳ್ಳುತ್ತಾನೆ. ಅವನು ತಾಯಿಗೆ ಇಲ್ಲ ಎನ್ನಲಿಲ್ಲ. ತರಿಸಿದ ಪಿಸ್ತೂಲಿನ ಹಿಡಿಕೆ ಬಲಗೈಯದು. ಹೆಬ್ಬೆರಳಿಗೆ ಒಂದು ಕಡೆ, ಅಂಗೈಗೆ ಒಂದು ಕಡೆ ತಗ್ಗು ಕೊರೆದಿರುತ್ತಾರೆ. ಅದು ಎಡಗೈಗೆ ಕೂಡುವುದಿಲ್ಲ. ಮಸ್ಕಿಯ ಬಡಿಗ ಅವಳ ಮುಷ್ಟಿಯನ್ನು ಹಸಿ ಮಣ್ಣಿನಲ್ಲಿ ಒತ್ತಿಸಿಕೊಂಡು, ಸಾಗವಾನಿ ತುಂಡಿನಲ್ಲಿ ಎಡಗೈ ಹಿಡಿಕೆ ಕೊರೆದ. ಅದಕ್ಕೆ ಮೂರು ವಾರ ತೆಗೆದುಕೊಂಡ. ಅಷ್ಟರಲ್ಲಿ ಒಂದು ತೊಟ್ಟಿಲು ಮಾಡಬಹುದಿತ್ತು.

ಪ್ರತಿ ಭಾನುವಾರ ಅವಳು ಪಿಸ್ತೂಲಿನ ಕರಿಯ ಪೆಟ್ಟಿಗೆ ಹಿಡಿದು ಸಿಂಧನೂರು–ಲಿಂಗಸುಗೂರು ಬಸ್ಸು ಹತ್ತುತ್ತಿದ್ದಳು. ಆ ಬಸ್ಸಿನ ಕಂಡಕ್ಟರ್ ಗೌಸಿಯಾ, ಸಿಂಧನೂರಿನವಳು, ಮೂವತ್ತೈದರ ಹೆಂಗಸು. ಅವಳು ಹುಟ್ಟು ಎಡಚಿ. ಎಡಗೈಯಲ್ಲಿ ಚೀಟಿ ಕೊಡುತ್ತಾಳೆಂದು ದಿನಕ್ಕೆ ನಾಲ್ಕು ಜನರಾದರೂ ಅವಳನ್ನು ಬೈಯುತ್ತಿದ್ದರು. ಮೊದಲ ದಿನ ಅವಳು ಸಂಗಮ್ಮನಿಗೆ, “ಹಾರ್ಮೋನಿಯಂ ಏನ್ರಿ ಅವ್ವಾರ? ಭಜನಿಗೆ ಹೊಂಟೀರಾ?” ಎಂದು ಕೇಳಿದಳಂತೆ. “ಪಿಸ್ತೂಲು,” ಎಂದಳಂತೆ ಇವಳು. ಗೌಸಿಯಾ ನಕ್ಕು ಮುಂದೆ ಹೋದಳು. ಲಿಂಗಸುಗೂರಿನಲ್ಲಿ ಸಂಗಮ್ಮ ಪೆಟ್ಟಿಗೆ ತೆರೆದು ತೋರಿಸಿದಳು. ಹಿಡಿಕೆ ನೋಡಿದ ಗೌಸಿಯಾ ಬೇರೆ ಏನೂ ಕೇಳದೆ, “ಇದು ಎಡಗೈದ ಐತಲ್ರಿ!” ಎಂದಳು. ತನ್ನ ಕೈಗೆ ಸರಿಯಾಗುವ ವಸ್ತುವನ್ನು ಅವಳು ಅಂಗಡಿಯಲ್ಲಿ ನೋಡಿದವಳೇ ಅಲ್ಲ. ಮುಂದೆ ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಂಡು ಅವಳೂ ಗೋದಾಮಿಗೆ ಬರತೊಡಗಿದಳು. ಇಬ್ಬರೂ ಎರಡು ವರ್ಷ ಅಕ್ಕಪಕ್ಕ ನಿಂತು ಹೊಡೆದರು.

ಆ ಕೊನೆಯ ಭಾನುವಾರ ನಾನು ಅಂಗಡಿಯಲ್ಲಿದ್ದೆ. ಶಾವಲಿಯವರ ಫೋನು ಬಂತು. ಅವಳು ಗುರಿಯ ಮುಂದೆ ನಿಂತಲ್ಲಿಯೇ ಕುಸಿದಿದ್ದಳು. ನಾನು ಆಸ್ಪತ್ರೆ ಮುಟ್ಟುವಾಗ ಅವಳಿಗೆ ಮಾತು ಇರಲಿಲ್ಲ. ಆಮೇಲೂ ಬರಲಿಲ್ಲ.

ಹನ್ನೊಂದನೆಯ ದಿನ ಶಿವಗಣಾರಾಧನೆ ಮಾಡಿದೆವು. ಊಟ ಮುಗಿದ ಮೇಲೆ ಶಾವಲಿಯವರು ಕರಿಯ ಪೆಟ್ಟಿಗೆಯನ್ನು ನನ್ನ ಮುಂದೆ ಇಟ್ಟರು.

“ಸಾವ್ಕಾರ್ರ, ಒಂದು ತಪ್ಪು ಆಗೇತ್ರಿ ನನ್ನಿಂದ,” ಎಂದರು. “ಅಮ್ಮಾರು ಬೀಳೂದ್ಕಿಂತ ಮೊದಲ ಲಿವರ್ ಮುಚ್ಚಿತ್ತು. ಗುಂಡು ಇನ್ನ ಇಟ್ಟಿದ್ದಿಲ್ಲ. ನಾ ಗುಂಡಿಲ್ಲಂತ ನೋಡಿ, ಗಡಬಡ್ಯಾಗ ಹಂಗ ಪೆಟ್ಟಿಗ್ಯಾಗ ಇಟ್ಟೆ. ಒಳಗ ಗಾಳಿ ಐತಿ. ಗಾಳಿ ತುಂಬಿ ಇಡಬಾರದ್ರಿ. ಒಂದ್ಸಲ ಟ್ರಿಗರ್ ಎಳದು ಖಾಲಿ ಮಾಡೂನ್ರಿ.”

“ಗಾಳಿ ಯಾರು ತುಂಬಿದ್ದು?” ಎಂದು ಕೇಳಿದೆ.

“ಅಮ್ಮಾರ ತುಂಬಿದ್ದು, ಮತ್ಯಾರು?”

“ಹಂಗಾರ ಇರಲಿ,” ಎಂದೆ.

ಅವರು ನನ್ನ ಮುಖ ನೋಡಿದರು. ಮನೆ ತುಂಬ ಜನರಿದ್ದರು. ಪೆಟ್ಟಿಗೆ ಅಲ್ಲಿಯೇ ಬಿಟ್ಟು ಹೋದರು.

ಆಮೇಲೆ ತಿಂಗಳಿಗೊಮ್ಮೆ ಬಂದು ಹೇಳಿದರು. ಸೈಕಲ್ ಪಂಪಿನಲ್ಲಿ ಇರುವಂತೆ ಇದರೊಳಗೂ ಒಂದು ವಾಷರ್ ಇದೆ. ಗಾಳಿಯನ್ನು ತಡೆದು ಹಿಡಿಯುವುದು ಅದೇ. ಹೊಡೆಯುವ ಗಳಿಗೆಯಷ್ಟು ಹೊತ್ತು ಹಿಡಿಯಲೆಂದು ಮಾಡಿದ ವಾಷರ್, ತಿಂಗಳುಗಟ್ಟಲೆ ಒತ್ತಡ ತಾಳುವುದಿಲ್ಲ; ಒಂದು ಕಡೆಗೆ ಚಪ್ಪಟೆಯಾಗಿ ಸತ್ತುಹೋಗುತ್ತದೆ. ಪಿಸ್ತೂಲನ್ನು ಎತ್ತಿಡುವಾಗ ಗಾಳಿ ಖಾಲಿ ಮಾಡಿ, ಲಿವರನ್ನು ಒಂದು ಬೆರಳಿನಷ್ಟು ತೆರೆದೇ ಇಡಬೇಕು. ಇದು ಮೊದಲ ಪಾಠ, ಅಂದರು.

ಉಳಿದ ಪಾಠಗಳನ್ನೆಲ್ಲ ನಾನು ಚಾಚೂ ತಪ್ಪದೆ ಮಾಡುತ್ತಿದ್ದೆ. ಅಂಗಡಿಯಿಂದ ಮೆತ್ತನೆಯ ಮಲ್ ಬಟ್ಟೆ ಹರಿದು ತಂದು, ದಿನಕ್ಕೊಮ್ಮೆ ನಳಿಕೆ ಒರೆಸುತ್ತಿದ್ದೆ. ಕೈಯ ಬೆವರು ಕಬ್ಬಿಣಕ್ಕೆ ಉಪ್ಪು ಹಚ್ಚಿದಂತೆ ಎಂದು ಶಾವಲಿಯವರು ಹೇಳಿದ್ದರಿಂದ, ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಲಿವರಿನ ಕೀಲಿಗೆ ಅವರು ಕೊಟ್ಟ ಸಿಲಿಕಾನ್ ಎಣ್ಣೆ ತಿಂಗಳಿಗೆ ಒಂದು ಹನಿ. ಒಮ್ಮೆ ಅದು ತೀರಿದಾಗ ಔಡಲೆಣ್ಣೆ ಹಾಕಲು ಹೋಗಿದ್ದೆ. ಫೋನಿನಲ್ಲಿ ಕೂಗಾಡಿದರು. ಅಡುಗೆಮನೆಯ ಎಣ್ಣೆ ಅಂಟಾಗಿ ಕೂಡುತ್ತದೆಯಂತೆ. ಎಣ್ಣೆಯನ್ನು ಬಸ್ಸಿನಲ್ಲಿ ಗೌಸಿಯಾಳ ಕೈಯಲ್ಲಿ ಕಳಿಸಿದರು. ಅವಳು ಅಂಗಡಿಯ ಮುಂದೆ ಇಳಿದು, ಶೀಶೆಯನ್ನು ಪಂಪಾಪತಿಯ ಕೈಯಲ್ಲಿಟ್ಟು, ನನ್ನ ಕಡೆ ನೋಡದೆ ಓಡಿ ಬಸ್ಸು ಹತ್ತಿದಳು. ಬಸ್ಸು ನಿಲ್ಲುವುದಿಲ್ಲವಲ್ಲ ಎಂದುಕೊಂಡೆ.

ವಿಭೂತಿಯ ವಿಷಯದಲ್ಲಿ ಮಾತ್ರ ನಮಗೆ ಜಗಳವಾಯಿತು. ಪುಷ್ಯ ಮಾಸದಲ್ಲಿ ಅವರು ಬಂದಾಗ ನಳಿಕೆಯ ಮೇಲೆ ಮೂರು ಬೆರಳ ವಿಭೂತಿ ಇತ್ತು.

“ಇದೇನ್ರಿ ಇದು?”

“ಇಬತ್ತಿ.”

“ಬೂದಿ ರೀ ಅದು. ಕೀಲಿನ್ಯಾಗ ಹೋದ್ರ ಮರಳು ಹೋದಂಗ. ತಿಕ್ಕಿ ತಿಂದುಬಿಡತೈತಿ.”

“ಇಬತ್ತಿ ಬೂದಿ ಅಲ್ಲ, ಶಾವಲಿ ಸಾಬ್ರ.”

“ನಿಮಗ ಅಲ್ಲರಿ, ನನಗೂ ಅಲ್ಲ. ಕೀಲಿಗೆ ಬೂದಿನ.”

ಅಂದಿನಿಂದ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚತೊಡಗಿದೆ. ಅವರು ಪಿಸ್ತೂಲನ್ನು ತಿರುಗಿಸಿ ತಿರುಗಿಸಿ ನೋಡಿ, “ಹೊರಗ ಮದುಮಗಳಂಗ ಇಟ್ಟೀರಿ. ಒಳಗ ಸಾಯಾಕತ್ತೈತಿ. ಇಷ್ಟೊತ್ತಿಗೆ ಅರ್ಧ ಗಾಳಿ ಸೋರಿರತೈತಿ,” ಎಂದರು.

“ಅರ್ಧ ಇದ್ರೂ ಆತು,” ಎಂದೆ.

ನಮ್ಮ ಮನೆಗೆ ಬರುವ ಜಂಗಮರು, ಗುರುಬಸವ ಅಯ್ಯನವರು, ನನ್ನ ಓರಗೆಯವರು. ಚಿಕ್ಕಂದಿನಲ್ಲಿ ಕೂಡಿ ಗೋಲಿ ಆಡಿದವರು. ಈಗ ಅವರ ಪಾದಕ್ಕೆ ನಾನು ನೀರು ಹಾಕುತ್ತೇನೆ. ಮಾಘದಲ್ಲಿ ಪೂಜೆಗೆ ಬಂದವರು ಜಗುಲಿಯ ಮೇಲಿನ ಪೆಟ್ಟಿಗೆ ನೋಡಿ ಕೇಳಿದರು. ಅವರಿಗೆ ಸುಳ್ಳು ಹೇಳುವಂತಿಲ್ಲ. ಹೇಳಿದೆ.

“ಸಂಗಮ್ಮ ಎಲ್ಲಿ ಹೋಗ್ಯಾಳ ಹಂಪಣ್ಣಾ?” ಎಂದು ಕೇಳಿದರು.

“ಲಿಂಗದಾಗ ಕೂಡ್ಯಾಳ್ರಿ.”

“ಎಲ್ಲಾಕಿನೂ ಕೂಡ್ಯಾಳೊ, ಒಂಚೂರು ಪಿಸ್ತೂಲಿನ್ಯಾಗ ಉಳದಾಳೊ?”

ನಾನು ತಲೆ ತಗ್ಗಿಸಿದೆ. ನಮ್ಮಲ್ಲಿ ಶ್ರಾದ್ಧವಿಲ್ಲ, ಪಿಂಡವಿಲ್ಲ. ಐಕ್ಯರಾದವರದು ಹಿಂದೆ ಏನೂ ಉಳಿಯುವುದಿಲ್ಲ. ಸಾವಾದ ಎಷ್ಟೋ ಮನೆಗಳಲ್ಲಿ ಈ ಮಾತನ್ನು ನಾನೇ ಹೇಳಿ ಸಮಾಧಾನ ಮಾಡಿದ್ದೆ. ಅದು ಸುಳ್ಳಲ್ಲ ಎಂದು ಈಗಲೂ ನಂಬಿದ್ದೇನೆ. ಆದರೆ ಅವಳ ಕೈ ಒತ್ತಿದ್ದು ಒಳಗೆ ಇನ್ನೂ ಒತ್ತಿಕೊಂಡೇ ಇದೆ ಎಂದು ಗೊತ್ತಿದ್ದೂ, ಅದನ್ನು ನನ್ನ ಕೈಯಿಂದ ಬಿಡುವುದು ಆಗಲಿಲ್ಲ. ಅವಳನ್ನು ಮಣ್ಣಿಗಿಟ್ಟ ದಿನ ಒಂದು ಹಿಡಿ ಮಣ್ಣು ಹಾಕಿದ್ದೆ. ಎರಡನೆಯ ಸಲ ಹಾಕು ಎಂದಂತಿತ್ತು.

“ಮಾಡು ಮಾಡು,” ಎಂದು ಅಯ್ಯನವರು ಏಳುತ್ತ ಹೇಳಿದರು. “ಮುಂದಿನ ಸೋಮಾರ ನನ್ನ ಬದಲಿ ಅದರ ಪಾದಪೂಜೆ ಮಾಡು. ನನಗೂ ಅಡ್ಡಾಡೂದು ತಪ್ಪತೈತಿ.”

ಫಾಲ್ಗುಣದಲ್ಲಿ ಬಿಸಿಲು ಬಿರುಸಾಯಿತು. ಶಾವಲಿಯವರು ಫೋನು ಮಾಡಿದರು. ಹೋಳಿ ಹುಣ್ಣಿಮೆಯಾದ ಮೇಲಿನ ಭಾನುವಾರ ಸಿಂಧನೂರಿನಲ್ಲಿ ಸ್ಪರ್ಧೆ. ಗೋದಾಮಿನಲ್ಲಿರುವ ನಾಲ್ಕು ಪಿಸ್ತೂಲೂ ಬಲಗೈಯವು. ಸಂಗಮ್ಮ ಇದ್ದಾಗ ತನ್ನ ಪಿಸ್ತೂಲನ್ನೇ ಗೌಸಿಯಾಳಿಗೂ ಕೊಡುತ್ತಿದ್ದಳು. ಈಗ ಅವಳು ಬಲಗೈ ಹಿಡಿಕೆಗೆ ಅರಿವೆ ಸುತ್ತಿಕೊಂಡು ಹೊಡೆಯುತ್ತಿದ್ದಾಳೆ, ಗುರಿ ಎಲ್ಲೆಲ್ಲೋ ಬೀಳುತ್ತಿದೆ.

“ಆಕಿ ಕೇಳೂದಿಲ್ಲರಿ. ನಾ ಕೇಳಾಕತ್ತೀನಿ. ಪಿಸ್ತೂಲು ಕೊಡ್ರಿ.”

“ಆಗೂದಿಲ್ಲ,” ಎಂದೆ.

“ಹಂಗಾರ ತಂದು ತೋರಸ್ರಿ ಸಾಕು. ಹಿಡಿಕಿ ನೋಡಿ ಇಲ್ಲಿ ಬಡಿಗ್ಯಾ ಇನ್ನೊಂದು ಕೊರಿತಾನ. ನಿಮ್ಮ ಗಾಳಿ ನಿಮ್ಮ ಹತ್ರ ಇರಲಿ.”

ಇದಕ್ಕೆ ಇಲ್ಲ ಎನ್ನಲು ಕಾರಣ ಸಿಗಲಿಲ್ಲ. ಸ್ಪರ್ಧೆಗೆ ಮೊದಲಿನ ಒಂದು ಭಾನುವಾರ ಪೆಟ್ಟಿಗೆ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟೆ. ಸೊಸೆ ಶಿವಕುಮಾರಿ ಬಾಗಿಲ ತನಕ ಬಂದು, “ಮಾವಾರ, ಬಸ್ಸು ಕುಲುಕ್ಯಾಡಿದ್ರ ಢಂ ಅನ್ನೂದಿಲ್ಲಲ್ಲ?” ಎಂದಳು. ಗುಂಡಿಲ್ಲ ಎಂದೆ. “ಅಲ್ಲ, ಹೊರಗ ಬಂದುಬಿಟ್ರ ನೀವು ಅಳ್ತೀರಿ, ಅದಕ್ಕಂದೆ,” ಎಂದು ಒಳಗೆ ಹೋದಳು.

ಬಸ್ಸಿನಲ್ಲಿ ಗೌಸಿಯಾ ಸಿಂಧನೂರಿನಿಂದಲೇ ಕೂತು ಬಂದಿದ್ದಳು. ರಜೆಯ ದಿನವಾದ್ದರಿಂದ ಖಾಕಿ ಇರಲಿಲ್ಲ. ತಲೆಯ ಮೇಲೆ ದುಪಟ್ಟಾ ಹೊದ್ದಿದ್ದಳು. ನನ್ನನ್ನು ನೋಡಿ ಎದ್ದು ಕಿಟಕಿಯ ಜಾಗ ಬಿಟ್ಟುಕೊಟ್ಟಳು. ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಬಸ್ಸು ಊರು ದಾಟಿತು.

“ಯಜಮಾನ್ರ,” ಎಂದಳು ಆಮೇಲೆ. “ನಿಮಗ ಒಂದು ಮಾತು ಹೇಳಬೇಕು. ನಾಲ್ಕು ತಿಂಗಳಾತು. ದಿನಾ ಎರಡು ಸಲ ನಿಮ್ಮ ಅಂಗಡಿ ಮುಂದ ಬಸ್ಸು ಹಾಯ್ತೈತಿ. ಇಳದು ಹೇಳಬೇಕಂತೀನಿ. ಸೀಟಿ ಹೊಡದು ಹೋಗಿಬಿಡ್ತೀನಿ.”

“ಹೇಳವ್ವ.”

“ಆ ಗಾಳಿ ಅವ್ವಾರು ತುಂಬಿದ್ದಲ್ಲರಿ.”

ಬಸ್ಸಿನ ಸದ್ದಿನಲ್ಲಿ ನನಗೆ ಕೇಳಿಸಿತು. ಆದರೂ, “ಏನು?” ಎಂದೆ.

ಅವಳು ದನಿ ಎತ್ತಿದಳು. “ಪಿಸ್ತೂಲಿನ್ಯಾಗ ಇರೂ ಗಾಳಿ ನಾ ತುಂಬಿದ್ದು!”

ಮುಂದಿನ ಸೀಟಿನಲ್ಲಿದ್ದವನು ತಿರುಗಿ, “ಯಾವ ಗಾಡಿಗ್ರಿ? ಮುಂದ ಪಂಚರ್ ಅಂಗಡಿ ಐತಿ,” ಎಂದ.

“ನಿನ್ನ ಗಾಡಿಗಲ್ಲ, ಮುಂದ ನೋಡಪಾ,” ಎಂದು ಗೌಸಿಯಾ ಕಂಡಕ್ಟರ್ ದನಿಯಲ್ಲಿ ಹೇಳಿದಳು. ಅವನು ಮುಂದೆ ನೋಡಿದ. ಅವಳು ದುಪಟ್ಟಾದ ಸೆರಗನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಹೇಳತೊಡಗಿದಳು.

“ಅವತ್ತು ಅವ್ವಾರು ಲಿವರ್ ಎಳದ್ರು. ಒತ್ತಾಕ ಹೋದ್ರು, ಆಗಲಿಲ್ಲ. ‘ಗೌಸಿಯಾ, ಇದೊಂದು ಒತ್ತಿ ಕೊಡವ್ವ, ಯಾಕೊ ಕೈಯಾಗ ಬಲ ಇಲ್ಲ’ ಅಂದ್ರು. ಎರಡು ವರ್ಷದಾಗ ಯಾರ ಕೈಲೆನೂ ಒತ್ತಿಸಿಕೊಂಡವರಲ್ಲ. ಶಾವಲಿ ಚಾಚಾ ಒತ್ತಾಕ ಬಂದ್ರ ಬೈತಿದ್ರು. ನಾ ನಕ್ಕೆ ರೀ. ‘ಮುದುಕಿ ಆದಿ ಬಿಡವ್ವಾ’ ಅಂದೆ. ಒತ್ತಿ ಕೊಟ್ಟೆ. ಕೊಟ್ಟು ನನ್ನ ಗುರಿ ಕಡೆ ತಿರುಗಿದೆ. ಹಿಂದ ಸಪ್ಪಳಾತು.”

ಅವಳು ಬೆರಳಿಗೆ ಸುತ್ತಿದ ಸೆರಗನ್ನು ಬಿಚ್ಚಿದಳು.

“ಯಾರನ್ನೂ ಏನೂ ಕೇಳದಾಕಿ ಕೇಳಿದ್ಲು ಅಂದ್ರ ನನಗ ತಿಳೀಬೇಕಿತ್ತು. ಕುಂಡ್ರಿಸಬೇಕಿತ್ತು. ಚಾಚಾನ್ನ ಕರೀಬೇಕಿತ್ತು. ಬರೇ ಲಿವರ್ ಒತ್ತಿ ಕೊಟ್ಟೆ.”

ಪೆಟ್ಟಿಗೆಯ ಮುಚ್ಚಳದ ಮೇಲೆ ಅಂದಿನ ಬೆಳಗಿನ ವಿಭೂತಿ ಇತ್ತು. ಸಾರಿಗೆ ಸಂಸ್ಥೆಯ ಕಂಡಕ್ಟರೊಬ್ಬಳು ಒತ್ತಿದ ಗಾಳಿಗೆ ನಾನು ನಾಲ್ಕು ತಿಂಗಳು, ದಿನಕ್ಕೆರಡು ಸಲ, ಲಿಂಗಪೂಜೆಯಾದ ಮೇಲೆ ವಿಭೂತಿ ಹಚ್ಚಿ ಕೈ ಮುಗಿದಿದ್ದೆ. ಅಯ್ಯನವರಿಗೆ ಇದು ತಿಳಿದರೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತದೆ.

“ಮುದುಕಿ ಅಂದಾಗ ಆಕಿ ಏನಂದ್ಲು?” ಎಂದು ಕೇಳಿದೆ.

“‘ನಿಮ್ಮಪ್ಪ ಮುದುಕ’ ಅಂದ್ರು.”

ಅದು ಸಂಗಮ್ಮನ ಮಾತೇ. ಅವಳು ನಮ್ಮ ಬಳಿ ಬಿಟ್ಟುಹೋದ ಕೊನೆಯ ಮಾತು ಅದಾಯಿತು.

“ಪಿಸ್ತೂಲು ಸಲುವಾಗಿ ಹೇಳಾಕತ್ತೀನಿ ಅನ್ಕೋಬ್ಯಾಡ್ರಿ,” ಎಂದಳು ಗೌಸಿಯಾ. “ಅದು ನಿಮ್ಮ ಹತ್ರನ ಇರಲಿ. ನೀವು ಅದಕ್ಕ ಇಬತ್ತಿ ಹಚ್ಚತೀರಂತ ಚಾಚಾ ಹೇಳಿದ್ರು. ಅವತ್ತಿನಿಂದ ನನಗ ನಿದ್ದಿ ಇಲ್ಲ. ನಮ್ಮವ್ವಗ ಹೇಳಿದೆ. ‘ಹೇಳಿಬಿಡು, ಇಲ್ಲಂದ್ರ ಅದು ನಿನ್ನ ಕೊರಳಿಗೆ’ ಅಂದ್ಲು.”

ಅವಳ ಮಾತು ನಿಜವೆಂಬುದರಲ್ಲಿ ನನಗೆ ಅನುಮಾನ ಬರಲಿಲ್ಲ. ಸುಳ್ಳು ಕಟ್ಟುವವಳಾಗಿದ್ದರೆ ತನ್ನ ತಪ್ಪನ್ನು ಅದರೊಳಗೆ ಸೇರಿಸುತ್ತಿರಲಿಲ್ಲ. ಅವಳು ನಾನು ಬೈಯಲೆಂದು ಕಾಯುತ್ತಿದ್ದಳು. ಲಿಂಗಸುಗೂರು ಇನ್ನೂ ಅರ್ಧ ತಾಸಿನ ದಾರಿ ಇತ್ತು. ಯಾರಿಗೂ ಹೇಳದ ಒಂದು ಸಂಗತಿ ನನ್ನಲ್ಲಿಯೂ ಇತ್ತು. ಅಯ್ಯನವರಿಗೂ ಹೇಳಿರಲಿಲ್ಲ. ಅವರು ಕೇಳಿರಲಿಲ್ಲವಾದ್ದರಿಂದ ಅದು ಸುಳ್ಳಾಗಿರಲಿಲ್ಲ.

“ಅವತ್ತು ಮುಂಜಾನಿ,” ಎಂದೆ, “ನಾನೂ ಆಕಿ ಕೂಡೇ ಪೂಜಿಗೆ ಕುಂತಿದ್ದೆ. ಆಕಿ ಎಡಗೈ ಕೆಳಗ ಇಳೀತು. ಲಿಂಗ ಹಿಡದ ಕೈ. ಐವತ್ತು ವರ್ಷದಾಗ ಇಳದ ಕೈಯಲ್ಲ. ಮೊಣಕಾಲಿಗೆ ಆನಿಸಿಕೊಂಡು ಕುಂತ್ಲು. ನಾ ಓರೆಗಣ್ಣಿಲೆ ನೋಡಿದೆ.”

“ಕೇಳಲಿಲ್ಲೇನ್ರಿ?”

“ನನ್ನ ಪೂಜಿ ಮುಗಿದಿದ್ದಿಲ್ಲ. ನಡುವ ಮಾತಾಡಬಾರದಲ್ಲ. ಮುಗಿದ ಮ್ಯಾಲೆ ಕೇಳಬೇಕಂದೆ. ಮುಗೀತು. ಅಂಗಡಿ ಬೀಗದಕೈ ಎಲ್ಲಿ ಐತಿ ಅಂತ ಕೇಳಿದೆ.”

ಗೌಸಿಯಾ ನನ್ನ ಕಡೆ ತಿರುಗಿದಳು.

“ನೀ ಮಧ್ಯಾಹ್ನ ನೋಡಿದಿ. ನಾ ಮುಂಜಾನಿನ ನೋಡಿದ್ದೆ. ನಿನಗ ಆಕಿ ಬಾಯಿಬಿಟ್ಟು ಕೇಳಿದ್ಲು, ಕೇಳಿದ್ದು ನೀ ಕೊಟ್ಟಿ. ನಿನ್ನ ಕಡೆ ತಪ್ಪಿಲ್ಲವ್ವ.”

ಅವಳು ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಮುಂದಿನ ಸೀಟಿನವನು ಈ ಸಲ ತಿರುಗದೆ, ಕಿವಿಯನ್ನು ಮಾತ್ರ ಹಿಂದಕ್ಕೆ ಇಟ್ಟುಕೊಂಡು ಕೂತಿದ್ದ. ಇಳಿಯುವಾಗ ಅವನು ಪೆಟ್ಟಿಗೆ ಹಿಡಿಯಲು ಕೈ ಚಾಚಿದ. ಬೇಡ ಎಂದೆ.

ಗೋದಾಮಿನಲ್ಲಿ ಶಾವಲಿಯವರು ಬಡಿಗನನ್ನು ಕರೆಸಿ ಕೂಡಿಸಿದ್ದರು. ನಾನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದೆ.

“ಬಡಿಗ್ಯಾನ್ನ ಕಳಸ್ರಿ,” ಎಂದೆ. “ಈ ಗಾಳಿ ಗೌಸಿಯಾಂದಂತ. ಆಕಿ ತಗೊಳ್ಳಲಿ.”

ಶಾವಲಿಯವರು ಅವಳ ಕಡೆ ನೋಡಿದರು, ನನ್ನ ಕಡೆ ನೋಡಿದರು. ಪೊಲೀಸ್ ಇಲಾಖೆಯಲ್ಲಿ ಇದ್ದವರು; ಯಾವಾಗ ಪ್ರಶ್ನೆ ಕೇಳಬಾರದೆಂದು ಅವರಿಗೆ ಗೊತ್ತು. “ಗುಂಡು ಇಡಬ್ಯಾಡ ಬೇಟಾ,” ಎಂದಷ್ಟೇ ಹೇಳಿದರು. “ಸೋರಿ ಉಳದಿದ್ದು ಗಾಳಿ. ಗುಂಡು ನಳಿಗ್ಯಾಗ ನಡುವ ಸಿಗತೈತಿ.”

ಗೌಸಿಯಾ ಗುರಿಯ ಮುಂದೆ ನಿಂತಳು. ಸಾಗವಾನಿ ಹಿಡಿಕೆ ಅವಳ ಎಡಗೈಗೆ ಪೂರಾ ಕೂಡಲಿಲ್ಲ. ಸಂಗಮ್ಮನ ಅಂಗೈ ಚಿಕ್ಕದು. ತೋಳು ಎತ್ತಿದಳು. ಬಹಳ ಹೊತ್ತು ಹಿಡಿದಳು. ನಾನು ಕಣ್ಣು ಮುಚ್ಚಬೇಕೆಂದಿದ್ದವನು ಮುಚ್ಚಲಿಲ್ಲ.

ಬಿಸಿ ಹೆಂಚಿನ ಮೇಲೆ ಒಂದು ಹನಿ ನೀರು ಬಿದ್ದಷ್ಟು ಸದ್ದಾಯಿತು. ಅಷ್ಟೇ.

“ನಾಲ್ಕಾಣಿ ಉಳದಿತ್ತು,” ಎಂದರು ಶಾವಲಿಯವರು. “ಅದೂ ದೊಡ್ಡದು. ನಾ ಎರಡಾಣಿ ಅಂದ್ಕೊಂಡಿದ್ದೆ.”

ಅವರು ಲಿವರ್ ಬಿಚ್ಚಿದರು. ಸಣ್ಣ ಮೊಳೆಯಿಂದ ಕೀಲಿನ ಕಡ್ಡಿ ತಟ್ಟಿ ಹೊರಗೆ ತೆಗೆದು, ಒಳಗಿನ ದಂಡವನ್ನು ಎಳೆದರು. ಅದರ ತುದಿಯಲ್ಲಿದ್ದ ವಾಷರ್ ಒಂದು ಪಕ್ಕಕ್ಕೆ ಚಪ್ಪಟೆಯಾಗಿ, ಅಂಚಿನಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ನನ್ನ ಅಂಗೈಯಲ್ಲಿಟ್ಟು, “ನೋಡ್ರಿ ನಿಮ್ಮ ಭಕ್ತಿ,” ಎಂದರು. ಹೊಸದನ್ನು ಕೂಡಿಸಿ, ಒಂದು ಹನಿ ಎಣ್ಣೆ ಸವರಿ, ನಳಿಕೆಯೊಳಗೆ ಉಣ್ಣೆಯ ಬಿಲ್ಲೆಗಳನ್ನು ತಳ್ಳಿ ಒರೆಸಿದರು. ಬಿಲ್ಲೆಗಳು ಬೆಳ್ಳಗೆ ಹೊರಗೆ ಬಂದವು. ಅಷ್ಟಕ್ಕೆ ಮಾತ್ರ ನನ್ನನ್ನು ಹೊಗಳಿದರು. ಎಲ್ಲ ಸೇರಿ ಅರ್ಧ ತಾಸು ಹಿಡಿಯಿತು.

“ಹೊಸ ವಾಷರ್. ಯಾರು ಒತ್ತತೀರಿ?” ಎಂದರು.

ನಾನು ತೆಗೆದುಕೊಂಡೆ. ಮೂರು ವರ್ಷ ಮನೆಯಲ್ಲಿ ಇದ್ದ ವಸ್ತುವಿನ ಲಿವರನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ. ಎಳೆಯುವುದು ಹಗುರ. ಹಿಂದಕ್ಕೆ ಒತ್ತುವಾಗ ಅರ್ಧದವರೆಗೆ ಏನೂ ಇಲ್ಲ. ಕೊನೆಯ ನಾಲ್ಕು ಬೆರಳು ದೂರದಲ್ಲಿ ಅದು ಎದುರು ನಿಲ್ಲುತ್ತದೆ. “ನಡುವ ಕೈ ಬಿಡಬ್ಯಾಡ್ರಿ, ಹಾರಿ ಬೆರಳಿಗೆ ಹೊಡಿತೈತಿ,” ಎಂದರು ಶಾವಲಿಯವರು. ತೊಡೆಗೆ ಆನಿಸಿ, ಎರಡೂ ಕೈ ಹಾಕಿ, ಶಿವಾ ಎಂದು ಒತ್ತಿದೆ. ಟಕ್ ಎಂದು ಮುಚ್ಚಿತು. ಗೌಸಿಯಾಳ ಕೈಗೆ ಕೊಟ್ಟೆ. ಅವಳು ಗುಂಡು ಇಟ್ಟು ಹೊಡೆದಳು.

“ಹತ್ತಕ್ಕ ಏಳು,” ಎಂದರು ಶಾವಲಿಯವರು, ಗುರಿಯ ಕಾಗದ ನೋಡಿ.

“ಸಂಗಮ್ಮ ಆಗಿದ್ರ ಒಂಬತ್ತು,” ಎಂದೆ.

“ಹೌದ್ರಿ,” ಎಂದಳು ಗೌಸಿಯಾ. “ಇನ್ನೊಂದು ಒತ್ತಿ ಕೊಡ್ರಿ.”

ಸ್ಪರ್ಧೆಯಲ್ಲಿ ಅರವತ್ತು ಗುಂಡು ಹೊಡೆಯಬೇಕು. ಅಂದೂ ಅರವತ್ತು ಹೊಡೆಯುವುದೆಂದು ಅವಳು ಗೊತ್ತುಮಾಡಿಕೊಂಡು ಬಂದಿದ್ದಳು. ಹದಿಮೂರರವರೆಗೆ ನಾನು ಒತ್ತಿ ಕೊಟ್ಟೆ. ಹದಿನಾಲ್ಕನೆಯದಕ್ಕೆ ತೋಳು ಸೋತಿತು.

“ಯಾಕೊ ಕೈಯಾಗ ಬಲ ಇಲ್ಲ,” ಎಂದೆ.

ಅದು ಸಂಗಮ್ಮ ಅಂದು ಆಡಿದ ಮಾತೇ ಎಂದು ಹೇಳಿದ ಮೇಲೆ ನನಗೆ ತಿಳಿಯಿತು. ಗೌಸಿಯಾ ಪಿಸ್ತೂಲನ್ನು ಕೆಳಗಿಟ್ಟು ಕುರ್ಚಿ ಎಳೆದು ತಂದಳು. ಶಾವಲಿಯವರು ನನ್ನ ನಾಡಿ ಹಿಡಿದರು. ಬಾಗಿಲಲ್ಲಿ ಬೀಡಿ ಸೇದುತ್ತ ನಿಂತಿದ್ದ ಬಡಿಗ ಆಟೋ ಕರೆಯಲು ಓಡಿದ. ಏನೂ ಆಗಿಲ್ಲ, ಎಪ್ಪತ್ತೊಂದು ವರ್ಷ, ಹದಿಮೂರು ಸಲ ಒತ್ತಿದ್ದೇನೆ ಎಂದರೆ ಯಾರೂ ನಂಬಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರು. ಅಲ್ಲಿ ಎದೆಗೆ ತಂತಿ ಹಚ್ಚಿ ನೋಡಿ, ಏನೂ ಆಗಿಲ್ಲ, ವಯಸ್ಸು, ಎಂದು ಹೇಳಿ ಕಳಿಸಿದರು.

ಗೋದಾಮಿಗೆ ಮರಳಿ ಬಂದೆವು. ನನ್ನನ್ನು ಕುರ್ಚಿಯ ಮೇಲೆ ಕೂಡಿಸಿ, ಏಳಬಾರದೆಂದು ಕೈಯಲ್ಲಿ ನೀರಿನ ಬಾಟಲಿ ಕೊಟ್ಟರು. ಉಳಿದ ನಲವತ್ತೇಳನ್ನು ಗೌಸಿಯಾ ತಾನೇ ಒತ್ತಿಕೊಂಡು ಹೊಡೆದಳು. ಪ್ರತಿ ಗುಂಡಿಗೂ ಮೊದಲು ಒಮ್ಮೆ ಹಿಂದೆ ತಿರುಗಿ ನನ್ನನ್ನು ನೋಡುತ್ತಿದ್ದಳು. ಅದರಿಂದ ಅವಳ ಗುರಿ ಕೆಡುತ್ತಿತ್ತು. ನಾನು ಹೇಳಲಿಲ್ಲ.